ಅಜ್ಜಿಯ ಸಂಚಿಯ ನಾಣ್ಯಗಳಿಗೆ ತಕ್ಕ ಮನೆ

ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ದೇವರ ಜಗಲಿಯ ಮುಂದೆ ಹಳೆಯ ನಾಣ್ಯಗಳನ್ನು ಹರವಿಡುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಊರು ಬಿಟ್ಟು ಪುಣೆಗೆ ಬಂದ ಹಿರಿಯರು ಹೊಲ-ಮನೆಗಳನ್ನು ಹೊತ್ತು ತರಲಾರದೆ ಹೋದರು. ಆದರೆ ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ ನಾಲ್ಕು ಢಬ್ಬು, ಒಂದೆರಡು ಬೆಳ್ಳಿ ರೂಪಾಯಿ, ಅದೃಷ್ಟವಿದ್ದರೆ ಒಂದು ಹೊನ್ನ ಹಣ, ಇಷ್ಟಾದರೂ ಬಂದುವು. ಇವನ್ನು ಮುಂದಿನ ತಲೆಮಾರಿಗೆ ಕೆಡದಂತೆ ಒಪ್ಪಿಸುವುದು ಹೇಗೆ? ವಿಷಯ ಚಿಕ್ಕದೆಂದು ನಾವೂ ಬಗೆದಿದ್ದೆವು. ಪೆಟ್ಟು ತಿಂದ ಮೇಲೆ ತಿಳಿಯಿತು.

ನಮ್ಮ ಮನೆಯಲ್ಲಿ ಒಂದು ಶಿವರಾಯಿ ಇದೆ. ಒಂದು ಮಗ್ಗುಲಿಗೆ ‘ಶ್ರೀ ರಾಜಾ ಶಿವ’, ಇನ್ನೊಂದಕ್ಕೆ ‘ಛತ್ರಪತಿ’ ಎಂದು ನಾಗರಿ ಅಕ್ಷರಗಳಿರುವ ತಾಮ್ರದ ದಪ್ಪ ದುಡ್ಡು. ಅಜ್ಜಿ ವಿಜಾಪುರದಿಂದ ತಂದದ್ದು. ಅದರ ಮೈಮೇಲಿನ ಕಂದು ಹೊಳಪು ನೂರಾರು ಕೈಗಳು ಹತ್ತಿ ಬಂದದ್ದು. ಮಳೆಗಾಲದ ಹಸಿಗೆ ಕೆಟ್ಟೀತೆಂದು ಹೆದರಿ ನಾವು ಅದನ್ನು ಪೇಟೆಯಲ್ಲಿ ಸಿಕ್ಕ ಮೆತ್ತನೆಯ, ಪಾರದರ್ಶಕವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಪಾಟು ಸೇರಿಸಿದೆವು. ಕೆಲವು ವರ್ಷಗಳ ತರುವಾಯ ತೆಗೆದು ನೋಡಿದರೆ ಮೈಯೆಲ್ಲ ಹಸಿರು ಜಿಗುಟು! ‘ಛತ್ರಪತಿ’ಯ ಅರ್ಧ ಅಕ್ಷರಗಳು ಅದರಡಿ ಮುಚ್ಚಿಹೋಗಿದ್ದುವು. ಕಾಪಾಡಲೆಂದು ತೊಡಿಸಿದ ಅಂಗಿಯೇ ಮೈಯನ್ನು ತಿಂದಿತ್ತು.

ಇದರ ಕಾರಣ ಸರಳ. ಆ ಚೀಲ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನದು. ಅದನ್ನು ಮೆತ್ತಗಾಗಿಸಲು ಬೆರೆಸುವ ಎಣ್ಣೆಯಂಥ ದ್ರವ್ಯ ಕ್ರಮೇಣ ಹೊರಕ್ಕೆ ಜಿನುಗುತ್ತದೆ. ಕಾಲ ಕಳೆದಂತೆ ಪ್ಲಾಸ್ಟಿಕ್ ಕೂಡ ಕೆಟ್ಟು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ತಾಮ್ರಕ್ಕೂ, ತಾಮ್ರ ಬೆರೆತ ಬೆಳ್ಳಿಗೂ ಅದು ವಿಷ. ಆದುದರಿಂದ ಮೊದಲ ಸೂತ್ರವಿದು: ಗಾತ್ರಕ್ಕಿಂತ ಮೊದಲು ಪದಾರ್ಥವನ್ನು ನೋಡಬೇಕು. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಗಟ್ಟಿಯಾದ ಅಕ್ರಿಲಿಕ್, ಇವು ನಿರುಪದ್ರವಿಗಳು. ಮೆತ್ತಗೆ ಬಾಗುವ, ಹೊಸ ರೇನ್‌ಕೋಟಿನ ವಾಸನೆ ಬರುವ ಚೀಲವನ್ನು ಮಾತ್ರ ದೂರವಿಡಬೇಕು. ಸಂಶಯ ಬಂದರೆ ಒಂದು ಪರೀಕ್ಷೆಯುಂಟು. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಚೀಲದ ಒಂದು ತುಣುಕಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಬೇಕು. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆಯೆಂದರ್ಥ. ಇದನ್ನು ದೊಡ್ಡವರು ಬಯಲಿನಲ್ಲಿ, ಹೊಗೆ ಕುಡಿಯದಂತೆ ಮಾಡತಕ್ಕದ್ದು.

ಎರಡನೆಯ ಸೂತ್ರ ಅಳತೆ. ಸಂಗ್ರಾಹಕರು ಹೆಚ್ಚಾಗಿ ಬಳಸುವುದು ಎರಡಂಗುಲದ ರಟ್ಟಿನ ಚೌಕ. ನಡುವೆ ಮೈಲಾರಿನ ಗುಂಡು ಕಿಟಕಿ. ಗುಂಡಗಿನ ನಾಣ್ಯಗಳಿಗೆ ಇದರಲ್ಲಿ ತೊಡಕಿಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ಅಡ್ಡಳತೆ 30.5 ಮಿ.ಮೀ.; ಅದಕ್ಕಿಂತ ತುಸು ದೊಡ್ಡ ಕಿಟಕಿ ಆರಿಸಿದರಾಯಿತು. ತೊಡಕು ಬರುವುದು ನಮ್ಮ ನಾಡಿನ ಬಗೆಬಗೆಯ ಆಕಾರಗಳಿಂದ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಾಗ ಹೊರಟ ಐದು ನಯೇ ಪೈಸೆ ಚೌಕ. ಎರಡು ಮತ್ತು ಹತ್ತರವು ಹೂವಿನಂತೆ ಎಂಟು ಎಸಳಿನವು. ಆಮೇಲಿನ ಮೂರು ಪೈಸೆ, ಇಪ್ಪತ್ತು ಪೈಸೆಗಳು ಆರು ಮೂಲೆಯವು. ಇಂಥವನ್ನು ಅಳೆಯುವಾಗ ಬದಿಯಿಂದ ಬದಿಗೆ ಅಳೆದರೆ ಮೋಸ ಹೋದಂತೆಯೇ. ಅಲ್ಯುಮಿನಿಯಮ್ಮಿನ ಇಪ್ಪತ್ತು ಪೈಸೆ ಬದಿಯಿಂದ ಬದಿಗೆ 24.5 ಮಿ.ಮೀ., ಮೂಲೆಯಿಂದ ಮೂಲೆಗೆ 26 ಮಿ.ಮೀ. ಐದು ಪೈಸೆಯ ಚೌಕ ಮೂಲೆಯಿಂದ ಮೂಲೆಗೆ 22 ಮಿ.ಮೀ. ಕವಚ ಯಾವಾಗಲೂ ಮೂಲೆಯ ಅಳತೆಗೆ ಇರತಕ್ಕದ್ದು.

ಅಳೆಯಲು ದೊಡ್ಡ ಉಪಕರಣ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ವರ್ನಿಯರ್ ಕ್ಯಾಲಿಪರ್ ಸಿಗುತ್ತದೆ. ಲೋಹದ್ದಾದರೆ ಗೀರು ಬಿದ್ದೀತು. ಅದೂ ಇಲ್ಲದಿದ್ದರೆ ಎರಡು ಬೆಂಕಿಪೆಟ್ಟಿಗೆಗಳ ನಡುವೆ ನಾಣ್ಯವನ್ನಿಟ್ಟು, ಅವುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದರೆ ಸಾಕು. ದಪ್ಪವನ್ನೂ ಹೀಗೆಯೇ ಅಳೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ಇನ್ನು ನಮ್ಮ ಕನ್ನಡ ನೆಲದ ನಾಣ್ಯಗಳ ಮಾತು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರವ ಹಣವೆಂಬ ಚಿನ್ನದ ನಾಣ್ಯ ತೊಗರಿಬೇಳೆಯಷ್ಟಿದ್ದು, ಅರ್ಧ ಗ್ರಾಮೂ ತೂಗುವುದಿಲ್ಲ. ಮಾಮೂಲಿ ರಟ್ಟಿನ ಕಿಟಕಿಯಲ್ಲಿ ಅದು ಮೂಲೆಗೆ ಸರಿದು, ರಟ್ಟು ತೆರೆದಾಗ ಹಾರಿ ನೆಲದ ಬಿರುಕು ಸೇರೀತು. ಅದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ಗುಂಡು ಡಬ್ಬಿ, ಅಂದರೆ ಕ್ಯಾಪ್ಸೂಲ್, ಒಳಗೆ ಪಾಲಿಎಥಿಲೀನ್ ಸ್ಪಂಜಿನ ಕಪ್ಪು ಬಳೆ. ಬಳೆಯ ನಡುವಿನ ತೂತು ನಾಣ್ಯದಷ್ಟೇ ಇರಲಿ. ಕಪ್ಪಿನ ಮೇಲೆ ಚಿನ್ನ ಚೆನ್ನಾಗಿ ಕಾಣುತ್ತದೆಂಬುದು ಹೆಚ್ಚಿನ ಲಾಭ. ವಿಜಯನಗರದ ವರಾಹಕ್ಕೂ ಇದೇ ಉಪಾಯ.

ಟೀಪುವಿನ ಆನೆಯ ಚಿತ್ರದ ತಾಮ್ರದ ನಾಣ್ಯಗಳದು ತದ್ವಿರುದ್ಧ ಸಮಸ್ಯೆ. ಅವು ದಪ್ಪ. ರಟ್ಟಿನ ಚೌಕದಲ್ಲಿಟ್ಟು ಪಿನ್ನು ಹೊಡೆದರೆ ಮೈಲಾರ್ ಬಿರಿಯುತ್ತದೆ. ಆಳವಾದ ಕ್ಯಾಪ್ಸೂಲೇ ಸರಿ. ಶಿವರಾಯಿಯಂತೆ ಅಂಚು ಓರೆಕೋರೆಯಾದವುಗಳಿಗೆ ಗುಂಡು ಡಬ್ಬಿಗಿಂತ, ಸ್ಪಂಜನ್ನು ನಾಣ್ಯದ ಆಕಾರಕ್ಕೇ ಕತ್ತರಿಸಿ ಕೂಡಿಸಿದ ಚೌಕ ಡಬ್ಬಿ ಒಳ್ಳೆಯದು.

ಎಲ್ಲಕ್ಕಿಂತ ವಿಚಿತ್ರವಾದುದು ವಿಜಾಪುರದ ಲಾರಿ. ಎರಡನೆಯ ಅಲಿ ಆದಿಲಶಾಹನ (1656–1672) ಹೆಸರಿನಲ್ಲಿ ಹೊರಟ ಇದು ಬೆಳ್ಳಿಯ ತಂತಿಯನ್ನು ಕೂದಲಿನ ಪಿನ್ನಿನಂತೆ ಮಡಿಸಿ ಮುದ್ರೆಯೊತ್ತಿದ ನಾಣ್ಯ! ಅರಬ್ಬೀ ಸಮುದ್ರದ ವ್ಯಾಪಾರಕ್ಕಾಗಿ ನಡೆಯುತ್ತಿದ್ದುದು. ಇದಕ್ಕೆ ಗುಂಡು ಕಿಟಕಿಯೂ ಹೊಂದದು, ಚೌಕವೂ ಹೊಂದದು. ಉದ್ದನೆಯ ಡಬ್ಬಿಯಲ್ಲಿ ಸ್ಪಂಜಿನ ಕಾಲುವೆ ಕೊರೆದು ಮಲಗಿಸಬೇಕು. ನೆಟ್ಟಗೆ ಮಾಡಲು ಮಾತ್ರ ಹೋಗಬೇಡಿ, ಮಡಿಕೆಯಲ್ಲಿ ಮುರಿದೀತು.

ನಮ್ಮ ಹೆಣ್ಣುಮಕ್ಕಳ ಕಾಸಿನ ಸರವೂ ಇಲ್ಲಿ ನೆನಪಾಗುತ್ತದೆ. ಕೊಂಡಿ ಬೆಸೆದ ನಾಣ್ಯ ಯಾವ ಸಿದ್ಧ ಕವಚದಲ್ಲೂ ಹಿಡಿಯದು. “ಕೊಂಡಿ ಕಿತ್ತಿಸಿಬಿಡೋಣ” ಎನ್ನುವವರುಂಟು. ಬೇಡ. ಕಿತ್ತರೆ ನಾಣ್ಯಕ್ಕೆ ಗಾಯ. ಅದಕ್ಕಿಂತ ಮುಖ್ಯವಾಗಿ, ಅದು ಯಾರ ಕೊರಳಲ್ಲಿತ್ತೆಂಬ ಸಾಕ್ಷಿಯೂ ಹೋಯಿತು. ಸ್ಪಂಜಿನಲ್ಲಿ ಕೊಂಡಿಗೂ ಜಾಗ ಕೊರೆದರೆ ಆಯಿತು.

ಈಚಿನ ದೊಡ್ಡ ಸ್ಮರಣ ನಾಣ್ಯಗಳನ್ನು ಕೊಳ್ಳುವವರಿಗೆ ಒಂದು ಮಾತು. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಹಸ್ರಮಾನಕ್ಕೆಂದು 2010ರಲ್ಲಿ ಹೊರಟ ಸಾವಿರ ರೂಪಾಯಿಯ ನಾಣ್ಯದ ಅಡ್ಡಳತೆ 44 ಮಿ.ಮೀ., ತೂಕ 35 ಗ್ರಾಂ. ಎರಡಂಗುಲದ ರಟ್ಟಿನಲ್ಲಿ ಸಿಗುವ ಅತಿ ದೊಡ್ಡ ಕಿಟಕಿ ಸುಮಾರು 40 ಮಿ.ಮೀ. ಮಾತ್ರ. ಇಂಥವಕ್ಕೆ 44ರ ಕ್ಯಾಪ್ಸೂಲನ್ನೇ ಕೇಳಿ ಕೊಳ್ಳಬೇಕು.

ಪುಣೆಯಲ್ಲಿ ಬುಧವಾರ, ಭಾನುವಾರ ನೆರೆಯುವ ಜೂನಾ ಬಾಜಾರಿನಲ್ಲಿ ಹಳೆಯ ನಾಣ್ಯಗಳನ್ನು ಹರವಿಕೊಂಡು ಕುಳಿತವರನ್ನು ವಾಚಕರು ನೋಡಿಯೇ ಇರುತ್ತೀರಿ. ಅಲ್ಲಿ ನಕಲಿಯೂ ಉಂಟು, ಎಚ್ಚರ. ಕವಚಗಳನ್ನು ಕೊಳ್ಳಲು ನಾಣ್ಯ ಪ್ರದರ್ಶನಗಳು ಅನುಕೂಲ. ನಿಮ್ಮ ಅಳತೆಯ ಚೀಟಿ ಜೇಬಿನಲ್ಲಿರಲಿ.

ಕವಚದಲ್ಲಿಡುವ ಮುನ್ನ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ತಂಬಿಗೆಗೆ ಅದು ಸರಿ. ನಾಣ್ಯದ ಮೇಲ್ಮೈ ಹೋದರೆ ಮರಳಿ ಬಾರದು. ಪೂಜೆಯ ಕುಂಕುಮ-ಅರಿಸಿನಗಳನ್ನು ಕವಚದ ಮೇಲೆಯೇ ಏರಿಸಿದರೆ ಲಕ್ಷ್ಮಿ ಮುನಿಯಲಾರಳು. ಅಂಚು ಹಿಡಿದೇ ಎತ್ತಿರಿ. ಬೆರಳಿನ ಬೆವರು ಅಚ್ಚಾಗಿ ಉಳಿಯುತ್ತದೆ. ಡಬ್ಬಿಯ ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಜೂನ್‌ನಿಂದ ಸೆಪ್ಟೆಂಬರ್ ತನಕ ಆಗಾಗ ಬದಲಿಸಿ. ರಬ್ಬರು, ಉಣ್ಣೆಯ ಬಟ್ಟೆಗಳು ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಸುದ್ದಿಪತ್ರಿಕೆಯ ಕಾಗದದಲ್ಲಿ ಆಮ್ಲವಿದೆ. ಅವು ದೂರವಿರಲಿ.

ಪರದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವ ಆಸೆ ಸಹಜ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಮಕ್ಕಳೇ ಬಂದು ನೋಡಲಿ. ಬರಲು ಅದೂ ಒಂದು ನೆಪವಾದೀತು.

ನಮ್ಮ ಶಿವರಾಯಿಯ ಗತಿಯೇನಾಯಿತೆಂದು ಕೇಳುವಿರಿ. ಬಲ್ಲವರೊಬ್ಬರ ಸಲಹೆಯಂತೆ ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ, ಉರಿಯಿಂದ ದೂರವಿಟ್ಟು ನೆನೆಹಾಕಿದೆವು, ಉಜ್ಜಲಿಲ್ಲ. ಜಿಗುಟು ಬಿಟ್ಟಿತು, ಅಕ್ಷರಗಳು ಮರಳಿದುವು. ಆದರೆ ಎರಡು ಕಡೆ ಆಮ್ಲ ಕೊರೆದ ಗುಳಿಗಳು ಹಾಗೆಯೇ ಉಳಿದುವು. ಈಗ ಅದು ಚೌಕ ಡಬ್ಬಿಯಲ್ಲಿದೆ. ಡಬ್ಬಿಯ ಹೊರಗೆ ಒಂದು ಚೀಟಿ ಅಂಟಿಸಿದ್ದೇವೆ: ಅಜ್ಜಿಯ ಹೆಸರು, ಆಕೆ ಬಿಟ್ಟು ಬಂದ ಊರು, ಬಂದ ವರ್ಷ. ಮೊಮ್ಮಕ್ಕಳು ಕನ್ನಡ ಓದಲು ಕಲಿಯುತ್ತಿದ್ದಾರೆ. ಅವರು ಕೂಡಿಸಿ ಓದಿದ ಮೊದಲ ಚೀಟಿಗಳಲ್ಲಿ ಅದೂ ಒಂದು. ನಿಮ್ಮ ಡಬ್ಬಿಗಳ ಮೇಲೂ ಅಂಥ ಚೀಟಿ ಇರಲಿ.