ಸ್ಪೋರ್ಟ್ಸ್ ಕಾರಿನ ಬ್ಯಾಟರಿ: ಆಯ್ಕೆ ಮತ್ತು ಪಾಲನೆ

1989ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆಯು ಹೊರತಂದ ಎಂಎಕ್ಸ್-5 ಕಾರಿನಲ್ಲಿ, ಭಾರವು ಮುಂದಿನ ಹಿಂದಿನ ಗಾಲಿಗಳ ಮೇಲೆ ಸಮನಾಗಿ ಹಂಚಿಹೋಗಲೆಂದು, ಬ್ಯಾಟರಿಯನ್ನು ಹಿಂಬದಿಯ ಡಿಕ್ಕಿಯಲ್ಲಿ ಇರಿಸಲಾಯಿತು. ಆದುದರಿಂದ ಅದಕ್ಕೆ ಬದಲಿ ಬ್ಯಾಟರಿಯನ್ನು ಆರಿಸುವಾಗ ಗಾತ್ರವನ್ನೂ ಶಕ್ತಿಯನ್ನೂ ಮಾತ್ರ ನೋಡಿದರೆ ಸಾಲದು. ಸೀಸ-ಆಮ್ಲದ ಬ್ಯಾಟರಿಗೆ ಮಿತಿಮೀರಿ ವಿದ್ಯುತ್ತನ್ನು ತುಂಬಿದರೆ ನೀರು ವಿಭಜನೆಗೊಂಡು ಜಲಜನಕವು ಹೊಮ್ಮುತ್ತದೆ. ಮುಚ್ಚಿದ ಡಿಕ್ಕಿಯ ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4ನ್ನು ಮುಟ್ಟಿತೆಂದರೆ ಸಣ್ಣ ಕಿಡಿಯೂ ಆಸ್ಫೋಟಕ್ಕೆ ಕಾರಣವಾಗಬಲ್ಲುದು. ಆದಕಾರಣ ಆಮ್ಲವನ್ನು ಗಾಜಿನೆಳೆಯ ಹಾಸಿನಲ್ಲಿ ಹೀರಿಸಿಟ್ಟು, ಅನಿಲವನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಬಗೆಯನ್ನೇ ನಾವು ಆರಿಸತಕ್ಕದ್ದು.

ಇಂಥ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತಲ್ಲಿಯೇ ಬ್ಯಾಟರಿ ಮೆಲ್ಲನೆ ಬರಿದಾಗಿ, ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗೊಳ್ಳುತ್ತದೆ. ಪೂರ್ಣ ತುಂಬಿದಾಗ ಸುಮಾರು 12.7 ಇರುವ ವೋಲ್ಟೇಜು 12.4ಕ್ಕೆ ಇಳಿಯುವ ಮೊದಲೇ ಮರಳಿ ತುಂಬಿಸುವುದರಿಂದ ನಾವು ಅದರ ಆಯುಸ್ಸನ್ನು ಕಾಪಾಡಬಹುದು.