ಅಡುಗೆಮನೆಯ ಪಾತ್ರಾಪಾತ್ರ ವಿಚಾರ

'ಪಾತ್ರ' ಎಂಬ ಸಂಸ್ಕೃತ ಶಬ್ದಕ್ಕೆ ಕುಡಿಯಲು, ಉಣ್ಣಲು ಒದಗುವ ಬಟ್ಟಲು ಎಂಬುದೇ ಮೂಲಾರ್ಥ. ದಾನಕ್ಕೆ ಯೋಗ್ಯನಾದವನೆಂಬ ಅರ್ಥವೂ ನಾಟಕದಲ್ಲಿ ನಟನು ತಾಳುವ ವೇಷವೆಂಬ ಅರ್ಥವೂ ಆಮೇಲೆ ಬಂದು ಸೇರಿದವು. ಯಾರಲ್ಲಿ ಏನನ್ನು ಇರಿಸಿದರೆ ಅದು ಕೆಡದೆ ಉಳಿದೀತು ಎಂಬ ವಿವೇಚನೆಯನ್ನು ನಮ್ಮ ಹಿರಿಯರು ಪಾತ್ರಾಪಾತ್ರ ವಿಚಾರವೆಂದು ಕರೆದರು. ದಾನಧರ್ಮಗಳ ಪ್ರಸಂಗದಲ್ಲಿ ಪಂಡಿತರು ಅದನ್ನು ಬೇಕಾದಷ್ಟು ಚರ್ಚಿಸಿದ್ದಾರೆ. ಆ ಮಾತನ್ನು ಅದರ ತವರುಮನೆಯಾದ ಅಡುಗೆಮನೆಗೆ ಮರಳಿ ಕರೆತಂದು, ಯಾವ ಪದಾರ್ಥಕ್ಕೆ ಯಾವ ಲೋಹ, ಯಾವ ಮಣ್ಣು, ಯಾವ ಕಲ್ಲು ಯೋಗ್ಯವೆಂದು ವಿಚಾರಿಸುವುದು ಈ ಹೊತ್ತಿನ ನನ್ನ ಉದ್ದೇಶ. ಕನ್ನಡ ಪಾಠ ಹೇಳಿದವನಿಗೆ ಪಾತ್ರೆಯ ಗೊಡವೆ ಏಕೆಂದು ಶ್ರೋತೃಗಳು ಕೇಳಬಹುದು. ನಿವೃತ್ತನಾದ ಮೇಲೆ ನಮ್ಮ ಮನೆಯ ಮಧ್ಯಾಹ್ನದ ಅಡುಗೆ ನನ್ನ ಪಾಲಿಗೆ ಬಂದಿದೆ. ನನ್ನ ಅಧಿಕಾರ ಅಷ್ಟರದೇ.

ಸ್ಟೇನ್‌ಲೆಸ್ ಸ್ಟೀಲು ನಮ್ಮ ಪೇಟೆಗಳಿಗೆ ಹೊಸದಾಗಿ ಬಂದ ಕಾಲದಲ್ಲಿ, ಅದರ ಹೊಳಪಿಗೆ ಮನಸೋತು, ಎಷ್ಟೋ ಮನೆಯವರು ಹಿತ್ತಾಳೆಯ ತಪ್ಪಲೆ, ತಾಮ್ರದ ಹಂಡೆಗಳನ್ನು ತೂಕಕ್ಕೆ ಹಾಕಿ ಕೊಟ್ಟುಬಿಟ್ಟರು. ಈಗ ಅವರ ಮೊಮ್ಮಕ್ಕಳು ಅದೇ ತಪ್ಪಲೆಗಳನ್ನು ದುಬಾರಿ ಬೆಲೆ ತೆತ್ತು ತರುತ್ತಿದ್ದಾರೆ. ತರಲಿ, ಸಂತೋಷವೇ. ಆದರೆ ನಮ್ಮ ಬೀದಿಯಲ್ಲಿ ಹೊಸದಾಗಿ ಸಂಸಾರ ಹೂಡಿದ ಹೆಣ್ಣುಮಗಳೊಬ್ಬಳು ಕಳೆದ ವರ್ಷ ಒಂದು ದಿನ ಬಂದು, "ಮೇಷ್ಟ್ರೇ, ಹಿತ್ತಾಳೆ ಪಾತ್ರೆ ಆರೋಗ್ಯಕ್ಕೆ ಒಳ್ಳೆಯದು ಅಂತ ತಂದೆ. ಸಾರು ಯಾಕೋ ಒಂದು ಥರಾ ಕಹಿಯಾಗತ್ತೆ, ಮನೆಯವರಿಗೆ ಊಟವಾದ ಮೇಲೆ ಹೊಟ್ಟೆ ತೊಳಸತ್ತೆ" ಎಂದಳು. ಹೋಗಿ ನೋಡಿದರೆ ಪಾತ್ರೆಯ ಒಳಮೈ ಹೊರಮೈಯಷ್ಟೇ ಹಳದಿಯಾಗಿ ಥಳಥಳಿಸುತ್ತಿತ್ತು. ಅದರಲ್ಲಿ ಕಲಾಯಿಯ ಗುರುತೇ ಇರಲಿಲ್ಲ. ಕಲಾಯಿ ಎಂದರೇನೆಂದು ಮಾರಿದವರೂ ಹೇಳಿರಲಿಲ್ಲ, ಕೊಂಡವರೂ ಕೇಳಿರಲಿಲ್ಲ.

ನಮ್ಮ ಅಜ್ಜಿಯರು ಹಿತ್ತಾಳೆಯಲ್ಲಿ ಅಡುಗೆ ಮಾಡುತ್ತಿದ್ದರೆಂಬುದು ಅರ್ಧ ಸತ್ಯ. ಅವರು ಅಡುಗೆ ಮಾಡುತ್ತಿದ್ದುದು ತವರದಲ್ಲಿ. ಹಿತ್ತಾಳೆ ಆ ತವರವನ್ನು ಹೊತ್ತುಕೊಂಡಿತ್ತು, ಅಷ್ಟೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಣಸೆಹಣ್ಣು, ನಿಂಬೆ, ಮಜ್ಜಿಗೆ, ಟೊಮೆಟೊ ಮುಂತಾದ ಹುಳಿಗಳು ಈ ಎರಡು ಲೋಹಗಳನ್ನೂ ಕರಗಿಸಿ ಅಡುಗೆಯೊಳಕ್ಕೆ ಎಳೆದುಕೊಳ್ಳುತ್ತವೆ. ಮಿತಿಮೀರಿದರೆ ವಾಕರಿಕೆ, ವಾಂತಿ, ಹೊಟ್ಟೆನೋವು ತಪ್ಪಿದ್ದಲ್ಲ. ತೇವ ತಗುಲಿದ ತಾಮ್ರದ ಮೇಲೆ ಹಬ್ಬುವ ಹಸಿರು ಕಿಲುಬೂ ಇದೇ ಲೋಹದ ಇನ್ನೊಂದು ರೂಪ. ತಾಮ್ರದ ಚೊಂಬಿನಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವವರನ್ನು ನಾನು ಬೇಡವೆನ್ನುವುದಿಲ್ಲ. ಅದೇ ಚೊಂಬಿನಲ್ಲಿ ನಿಂಬೆಹಣ್ಣಿನ ಪಾನಕ ಮಾಡುವವರನ್ನು ಮಾತ್ರ ಬೇಡವೆನ್ನುತ್ತೇನೆ. ಕನ್ನಡಿಗರ ಅಡುಗೆಯಲ್ಲಿ ಹುಳಿಯಿಲ್ಲದ ದಿನವೇ ಅಪರೂಪ. ಒಂದು ಮೇಲೋಗರಕ್ಕೆ 'ಹುಳಿ' ಎಂದೇ ಹೆಸರಿಟ್ಟವರು ನಾವು. ಆದುದರಿಂದ ಯಾವ ಪಾತ್ರೆಯನ್ನು ಕೈಗೆತ್ತಿಕೊಂಡರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಹುಣಸೆಹಣ್ಣನ್ನು ತಾಳೀತೆ?

ಕಲಾಯಿ ಹಾಕುವ ಕ್ರಮವನ್ನು ನೋಡಿದವರು ಈಗ ವಿರಳ. ತಿದಿಯೊತ್ತಿ ಇದ್ದಿಲ ಬೆಂಕಿಯಲ್ಲಿ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿದರೆ ಬಿಳಿಯ ಹೊಗೆ ಭುಗ್ಗೆಂದು ಏಳುತ್ತದೆ. ಆ ನವಸಾಗರ ಲೋಹದ ಮೇಲಿನ ಕೊಳೆಯ ಪೊರೆಯನ್ನು ತೆಗೆದು ತವರ ಹಿಡಿಯುವಂತೆ ಮಾಡುತ್ತದೆ. ಕೂಡಲೆ ತವರದ ಕಡ್ಡಿಯನ್ನು ಮುಟ್ಟಿಸಿ, ಕರಗಿದ್ದನ್ನು ಅರಳೆಯಿಂದ ಒಳಮೈಗೆಲ್ಲ ಸವರಿದರೆ ಕ್ಷಣಾರ್ಧದಲ್ಲಿ ಹಳದಿಯ ಪಾತ್ರೆ ಬೆಳ್ಳಿಯಾಗುತ್ತದೆ. ಹುಳಿ ಈ ತವರದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ತವರ ಕರಗುವುದು 232 ಡಿಗ್ರಿ ಸೆಲ್ಷಿಯಸ್ಸಿನಲ್ಲಿ. ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಟ್ಟು ಮರೆತರೆ, ಅಥವಾ ಅದರಲ್ಲಿ ಎಣ್ಣೆಯನ್ನು ಹೊಗೆಯಾಡುವಂತೆ ಕಾಯಿಸಿದರೆ, ಕಲಾಯಿ ಕಿತ್ತುಹೋಗುತ್ತದೆ. ನಮ್ಮವರು ಒಗ್ಗರಣೆಯನ್ನು ಬೇರೆಯಾಗಿ ಕಬ್ಬಿಣದ ಸೌಟಿನಲ್ಲಿ ಮಾಡಿ ಸಾರಿಗೆ ಸುರಿಯುವ ಪದ್ಧತಿಗೆ ಇದೂ ಒಂದು ಕಾರಣವಿದ್ದೀತೆಂದು ನನ್ನ ಊಹೆ.

ಇಲ್ಲಿ ಒಂದು ಎಚ್ಚರಿಕೆ. ಸೀಸ ತವರಕ್ಕಿಂತ ಅಗ್ಗ. ಎರಡನ್ನೂ ಬೆರೆಸಿದರೆ ಮಿಶ್ರಣ ತವರಕ್ಕಿಂತ ಬೇಗನೆ ಕರಗಿ ಸಲೀಸಾಗಿ ಹರಡುತ್ತದೆ. ಹಾಗಾಗಿ ಲೋಭಕ್ಕೂ ಸೋಮಾರಿತನಕ್ಕೂ ಸೀಸ ಒದಗಿಬರುತ್ತದೆ. ಅದು ವಿಷ, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿಸುವಂಥದು. ಶುದ್ಧ ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಕರಕರನೆ ಸದ್ದು ಮಾಡುತ್ತದೆ. ಸೀಸ ಮೌನವಾಗಿ ಬಗ್ಗುತ್ತದೆ, ಕಾಗದಕ್ಕೆ ಉಜ್ಜಿದರೆ ಬೂದುಬಣ್ಣದ ಗೆರೆ ಬಿಡುತ್ತದೆ. ತಮಿಳಿನಲ್ಲಿ ತವರಕ್ಕೆ 'ವೆಳ್ಳೀಯಂ' ಎಂದೂ ಸೀಸಕ್ಕೆ 'ಕಾರೀಯಂ' ಎಂದೂ ಹೆಸರು. ಎರಡರಲ್ಲೂ ಇರುವುದು 'ಈಯಂ' ಎಂಬ ಒಂದೇ ಮಾತು. ಸಾರಿಗೆ ಪ್ರಸಿದ್ಧವಾದ ಈಯದ ಚೊಂಬನ್ನು ಕೊಳ್ಳುವವರು ಬಿಳಿಯದೋ ಕರಿಯದೋ ಎಂದು ಕೇಳಿ ತಿಳಿಯಬೇಕು. ಕನ್ನಡದಲ್ಲಿ ತವರ, ಸೀಸ ಎಂಬ ಎರಡು ಬೇರೆ ಶಬ್ದಗಳಿರುವುದು ನಮ್ಮ ಪುಣ್ಯ.

ಇನ್ನು ಶಾಖದ ವಿಷಯ. ತಾಮ್ರವು ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು, ಅಲ್ಯೂಮಿನಿಯಂ ಸುಮಾರು 15 ಪಟ್ಟು, ಬೀಡು ಕಬ್ಬಿಣ ಸುಮಾರು 3 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತವೆ. ಸ್ಟೀಲಿನ ತೆಳು ಪಾತ್ರೆಯಲ್ಲಿ ಪಾಯಸ ತಳ ಹಿಡಿಯುವುದು ಮಾಡುವವರ ಅಜಾಗರೂಕತೆಯಿಂದಲೇ ಅಲ್ಲ. ಉರಿ ತಗುಲಿದೆಡೆ ಸುಟ್ಟು, ಅದರಾಚೆಗೆ ಶಾಖ ಹರಿಯದೆ ನಿಂತುಬಿಡುವುದು ಆ ಲೋಹದ ಸ್ವಭಾವ. ಆದರೆ ಹುಳಿಯನ್ನು ತಾಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಸಿದ್ಧಪಡಿಸಿದ; ಅದರಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟುತ್ತದೆ, ಗೀರಿದರೆ ಮತ್ತೆ ಕಟ್ಟುತ್ತದೆ. ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ 304ನೆಯ ದರ್ಜೆಯದು ಉತ್ತಮ. 202 ಎಂಬುದರಲ್ಲಿ ನಿಕ್ಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸನ್ನು ಸೇರಿಸಿರುತ್ತಾರೆ. ಅದು ಅಗ್ಗ, ಹುಳಿ-ಉಪ್ಪುಗಳಿಗೆ ಸೋಲುವುದು ಬೇಗ. ಅಂಗಡಿಯಲ್ಲಿ ಅಯಸ್ಕಾಂತವನ್ನು ಹಿಡಿದು ತೋರಿಸಿ "ಅಂಟಲಿಲ್ಲ ನೋಡಿ, ಅಸಲಿ ಮಾಲು" ಎನ್ನುವ ಪರೀಕ್ಷೆಯಿಂದ ಏನೂ ತಿಳಿಯದು. ಏಕೆಂದರೆ ಈ ಎರಡು ದರ್ಜೆಗಳೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟವು. ಪಾತ್ರೆಯ ಬೆನ್ನಿನ ಮೇಲೆ ಒತ್ತಿರುವ ಅಂಕಿಯನ್ನು ಓದುವುದೇ ಲೇಸು. ಎರಡು ಪದರ ಸ್ಟೀಲಿನ ನಡುವೆ ಅಲ್ಯೂಮಿನಿಯಮನ್ನು ಹುದುಗಿಸಿದ ದಪ್ಪ ಪಾತ್ರೆಗಳು ಈಗ ದೊರೆಯುತ್ತವೆ. ಒಂದರ ಗುಣ ಇನ್ನೊಂದರ ದೋಷವನ್ನು ಮುಚ್ಚುವ ಇಂಥ ದಾಂಪತ್ಯ ಲೋಹಗಳಲ್ಲೂ ಸಾಧ್ಯ.

ಅಲ್ಯೂಮಿನಿಯಮ್ಮಿಗೆ ನಮ್ಮೊಡನೆ ಒಂದು ಸಂಬಂಧವಿದೆ. ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಆ ಲೋಹದ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದ ಆಲ್‌ಫ್ರೆಡ್ ಚಾಟರ್ಟನ್ನನೇ ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆಗಳ ನಿರ್ದೇಶಕನಾದ. ಉತ್ತರ ಕರ್ನಾಟಕದ ಕಡೆ ಇದಕ್ಕೆ 'ಜರ್ಮನ್ ಪಾತ್ರೆ' ಎಂಬ ಹೆಸರು ಬಿದ್ದಿದೆ. ಹಗುರ, ಅಗ್ಗ, ಬೇಗ ಕಾಯುತ್ತದೆ. ಅನ್ನಕ್ಕೆ, ಬೇಳೆಗೆ ಅಡ್ಡಿಯಿಲ್ಲ. ಹುಳಿಗೆ ಮಾತ್ರ ಇದೂ ಸೋಲುತ್ತದೆ. ಇದರಿಂದ ಮರೆವಿನ ರೋಗ ಬರುತ್ತದೆಂಬ ಮಾತು ಸಿದ್ಧವಾಗಿಲ್ಲವಾದುದರಿಂದ ಯಾರೂ ಗಾಬರಿಪಡಬೇಕಿಲ್ಲ. ಭಯಪಡಬೇಕಾದುದು ಗುಜರಿ ಕರಗಿಸಿ ಎರಕ ಹೊಯ್ದ ಪಾತ್ರೆಗಳಿಗೆ. ಅದರಲ್ಲಿ ಏನೇನು ಸೇರಿದೆಯೆಂದು ಎರಕ ಹೊಯ್ದವನೂ ಹೇಳಲಾರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2025ರಲ್ಲಿ, ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿಂಡಾಲಿಯಂ ಮತ್ತು ಹಿತ್ತಾಳೆಯ ಪಾತ್ರೆಗಳಿಂದ ಸೀಸ ಅಡುಗೆಗೆ ಇಳಿಯಬಹುದೆಂದು ಎಚ್ಚರಿಸಿತು.

ಕಬ್ಬಿಣಕ್ಕೆ ಬರುತ್ತೇನೆ, ನನ್ನ ಪಕ್ಷಪಾತ ಇಲ್ಲಿದೆಯೆಂದು ಮುಚ್ಚಿಡುವುದಿಲ್ಲ. ಮಾಡಿಗೆ ಹೊದಿಸುವ ಸುಟ್ಟಮಣ್ಣಿನ ಬಿಲ್ಲೆಗೂ ಹೆಂಚೆಂದೇ ಹೆಸರು, ದೋಸೆ ಹುಯ್ಯುವ ಕಬ್ಬಿಣಕ್ಕೂ ಹೆಂಚೆಂದೇ ಹೆಸರು. ರೊಟ್ಟಿ ಬೇಯುತ್ತಿದ್ದುದು ಮೊದಲು ಮಣ್ಣಿನ ಮೇಲೆ ಎಂಬುದನ್ನು ಜನ ಮರೆತರೂ ಭಾಷೆ ಮರೆತಿಲ್ಲ. ಕಾದ ಕಬ್ಬಿಣಕ್ಕೆ ಎಣ್ಣೆ ಸವರಿ ಮತ್ತೆ ಮತ್ತೆ ಕಾಯಿಸಿದರೆ ಆ ಎಣ್ಣೆಯೇ ಗಟ್ಟಿಯಾದ ಕರಿಯ ಪೊರೆಯಾಗಿ ಕೂರುತ್ತದೆ. ಕಾವಲಿ ಪಳಗಿತು ಎನ್ನುವುದು ಇದನ್ನೇ. ಪಳಗಿದ ಕಾವಲಿಯನ್ನು ಸೋಪು ಹಚ್ಚಿ ತಿಕ್ಕಿ ಬೆಳ್ಳಗೆ ಮಾಡುವವರನ್ನು ಕಂಡರೆ ನನಗೆ ಹಳೆಯ ಹಸ್ತಪ್ರತಿಯನ್ನು ನೀರಿನಲ್ಲಿ ಅದ್ದಿ ಶುಚಿಗೊಳಿಸುವವರ ನೆನಪಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ಪದಾರ್ಥಕ್ಕೆ ಕಬ್ಬಿಣದ ಅಂಶ ಸೇರುತ್ತದೆ, ಹುಳಿಯಿದ್ದಷ್ಟೂ ಹೆಚ್ಚು ಸೇರುತ್ತದೆ ಎಂಬುದನ್ನು 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ನಮ್ಮ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಬಾಣಲೆ ಅದಕ್ಕೆ ಔಷಧವೆಂದು ನಾನು ಹೇಳಲಾರೆ. ಆದರೆ ಸೊಪ್ಪಿನ ಪಲ್ಯವನ್ನು ಕಬ್ಬಿಣದಲ್ಲಿ ಬಾಡಿಸಲು ಇದಕ್ಕಿಂತ ಬೇರೆ ಕಾರಣ ಬೇಡ. ಒಗರಿರುವ ಬಾಳೆಕಾಯಿ, ಬಾಳೆಹೂವುಗಳು ಮಾತ್ರ ಅದರಲ್ಲಿ ಕಪ್ಪಾಗುತ್ತವೆ. ಅಳಲೆಕಾಯಿಯ ಒಗರಿಗೆ ಕಬ್ಬಿಣವನ್ನು ಕೂಡಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ಪಲ್ಯದಲ್ಲಿ ನಡೆಯುವುದೂ ಅದೇ. ಬೆಂದ ಕೂಡಲೆ ಬೇರೆ ಪಾತ್ರೆಗೆ ತೆಗೆದಿಟ್ಟರಾಯಿತು.

ಮಣ್ಣು ಮತ್ತು ಕಲ್ಲು ನಿಧಾನದವರ ಪಾತ್ರೆಗಳು. ಕುಂಬಾರ ಗುಂಡಯ್ಯನು ಮಡಕೆ ಬಡಿಯುವ ಸದ್ದಿಗೆ ಶಿವನೇ ಕುಣಿದ ಕಥೆಯನ್ನು ಹರಿಹರನ ರಗಳೆಯಲ್ಲಿ ಓದಿದವರಿಗೆ ಮಡಕೆಯ ಪರೀಕ್ಷೆ ಕಿವಿಯಿಂದಲೇ ಎಂದು ಹೇಳಬೇಕಾಗಿಲ್ಲ: ಬೆರಳಿನಿಂದ ಬಡಿದಾಗ ಖಣಿಲೆಂದರೆ ಕೊಳ್ಳಿ, ಮಂಕಾಗಿ ನುಡಿದರೆ ಎಲ್ಲೋ ಸೀಳಿದೆ. ಹೊಸ ಮಡಕೆಯನ್ನು ಒಂದು ಹಗಲು ನೀರಿನಲ್ಲಿ ನೆನೆಸಿ, ಮೊದಲು ಗಂಜಿ ಕಾಯಿಸಿ ಹದಮಾಡಬೇಕು. ಮಣ್ಣಿಗೆ ಹುಳಿಯ ಭಯವಿಲ್ಲ. ಕರಾವಳಿಯವರು ಮೀನಿನ ಸಾರಿಗೆ ಇಂದಿಗೂ ಅದನ್ನೇ ಮೆಚ್ಚುತ್ತಾರೆ. ಗಾಜಿನಂತೆ ಮಿರುಗುವ ಬಣ್ಣದ ಲೇಪವಿದ್ದರೆ ಬಿಡಿ, ಅದರಲ್ಲಿ ಸೀಸವಿರಬಹುದು. ಕಲ್ಲುಮರಿಗೆಯನ್ನು ಕಡೆಯುವ ಬಳಪದ ಕಲ್ಲು ಬೇಲೂರು ಹಳೇಬೀಡುಗಳ ಮದನಿಕೆಯರನ್ನು ಕಡೆದ ಕಲ್ಲಿನ ಬಳಗದ್ದೇ. ನಾವೆಲ್ಲ ಅಕ್ಷರ ತಿದ್ದಿದ ಬಳಪವೂ ಅದೇ. ಅದು ಕಾಯುವುದೂ ನಿಧಾನ, ಆರುವುದೂ ನಿಧಾನ. ಒಲೆಯಿಂದ ಇಳಿಸಿದ ಮೇಲೂ ಹುಳಿ ಕೊತಕೊತನೆ ಕುದಿಯುತ್ತಿರುತ್ತದೆ. ಬಿಸಿಯಾಗಿರುವಾಗ ತಣ್ಣೀರು ಸೋಕಿದರೆ ಬಿರಿಯುತ್ತದೆ.

ಅಂಟದ ಲೇಪದ ಪಾತ್ರೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೆಫ್ಲಾನ್ ಎಂದು ಹೆಸರಾದ ಆ ವಸ್ತು 1938ರಲ್ಲಿ ಆಕಸ್ಮಿಕವಾಗಿ ದೊರೆತದ್ದು. ಬರಿ ಬಾಣಲೆಯನ್ನು ದೊಡ್ಡ ಉರಿಯಲ್ಲಿಟ್ಟರೆ ಅದು ಒಡೆದು ಹೊಗೆ ಬಿಡುತ್ತದೆ. ಮನೆಯಲ್ಲಿ ಗಿಣಿ ಸಾಕಿದವರಿಗೆ ಆ ಹೊಗೆಯಿಂದ ಹಕ್ಕಿ ಸತ್ತೀತೆಂಬ ಅರಿವಿರಬೇಕು. ಸಣ್ಣ ಉರಿ, ಮರದ ಸೌಟು ಇದ್ದರೆ ನಡೆದೀತು. ಲೇಪ ಎದ್ದ ದಿನ ಅದರ ಸೇವೆ ಮುಗಿಯಿತು.

ನಾಲ್ಕು ಜನರ ಹೊಸ ಸಂಸಾರಕ್ಕೆ ಏನು ಕೊಳ್ಳಬೇಕೆಂದು ಕೇಳಿದರೆ ನನ್ನ ಉತ್ತರ ಹೀಗಿರುತ್ತದೆ. ಸಾರು, ಹುಳಿ, ಹಾಲುಗಳಿಗೆ ದಪ್ಪ ತಳದ ಸ್ಟೀಲಿನ ಎರಡು ಪಾತ್ರೆ, ಸ್ಟೀಲಿನದೇ ಒಂದು ಕುಕ್ಕರು. ಕಬ್ಬಿಣದ ಒಂದು ಕಾವಲಿ, ಒಂದು ಬಾಣಲೆ, ಒಂದು ಒಗ್ಗರಣೆ ಸೌಟು. ವಿದ್ಯುತ್ತಿನ ಇಂಡಕ್ಷನ್ ಒಲೆಯಿದ್ದರೆ ಪಾತ್ರೆಯ ತಳ ಅಯಸ್ಕಾಂತಕ್ಕೆ ಅಂಟುವಂತಿರಬೇಕು. ಬರಿಯ ತಾಮ್ರ, ಅಲ್ಯೂಮಿನಿಯಂ, ಮಣ್ಣುಗಳು ಅಲ್ಲಿ ಕಾಯುವುದೇ ಇಲ್ಲ. ಪುರುಸೊತ್ತಿದ್ದವರು ಒಂದು ಮಡಕೆಯನ್ನೋ ಮರಿಗೆಯನ್ನೋ ಸೇರಿಸಿಕೊಳ್ಳಲಿ. ಅಟ್ಟದ ಮೇಲೆ ಅಜ್ಜಿಯ ಹಿತ್ತಾಳೆ ತಪ್ಪಲೆ ಇದ್ದರೆ ತೂಕಕ್ಕೆ ಹಾಕಬೇಡಿ. ಇಳಿಸಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ಕಂಡರೆ ಕಲಾಯಿಯವರು ಸಿಗುವ ತನಕ ಅದರಲ್ಲಿ ಅಕ್ಕಿ ತುಂಬಿಡಿ. ಹುಣಸೆಹಣ್ಣನ್ನು ಅದರ ಹೊರಮೈ ಬೆಳಗಲು ಬಳಸಿದರೆ ಸಾಕು.