ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬುದು ಅಪರಾಧ ತನಿಖೆಯಲ್ಲಿ ಬಳಸುವ ಮನೋವೈಜ್ಞಾನಿಕ ಪರೀಕ್ಷೆಗಳ ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪು ನೀಡಿದ ಪ್ರಕರಣ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಹಾಗೂ ಬ್ರೈನ್ ಮ್ಯಾಪಿಂಗ್‌ಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು.

ಸಂವಿಧಾನದ 20(3)ನೇ ವಿಧಿಯಂತೆ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಲಾಗದು. ಬೆರಳಚ್ಚು, ರಕ್ತದ ಮಾದರಿಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಆದರೆ ಸುಳ್ಳು ಪತ್ತೆ ಯಂತ್ರದ ಮುಂದೆ ಕುಳಿತವನು ಬಾಯಿ ತೆರೆಯದಿದ್ದರೂ ಅವನ ನಾಡಿಮಿಡಿತ, ಉಸಿರಾಟಗಳಿಂದ ಅವನಿಗೆ ತಿಳಿದಿರುವುದನ್ನು ಊಹಿಸಲಾಗುತ್ತದೆ. ಹೀಗಾಗಿ ಅದೂ ಹೇಳಿಕೆಗೆ ಸಮವೆಂದು ಪೀಠ ಪರಿಗಣಿಸಿತು. ಬಲವಂತದ ಪರೀಕ್ಷೆಯು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೂ ವಿರುದ್ಧವೆಂದಿತು.

ಪೊಲೀಸರ ವಶದಲ್ಲಿರುವವನ ಒಪ್ಪಿಗೆ ಎಷ್ಟು ಸ್ವತಂತ್ರವಾದುದು ಎಂಬುದೇ ಇಲ್ಲಿನ ಕಠಿಣ ಪ್ರಶ್ನೆ. ಆದ್ದರಿಂದ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ರ ಮಾರ್ಗಸೂಚಿಗಳಂತೆ ಆರೋಪಿಗೆ ವಕೀಲರ ನೆರವು ದೊರೆಯಬೇಕು, ಒಪ್ಪಿಗೆಯನ್ನು ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಒಪ್ಪಿ ಪರೀಕ್ಷೆಗೊಳಗಾದರೂ ಉತ್ತರಗಳ ಮೇಲೆ ವ್ಯಕ್ತಿಗೆ ಪ್ರಜ್ಞಾಪೂರ್ವಕ ಹಿಡಿತವಿರದ ಕಾರಣ ಅದರ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 27ನೇ ಪ್ರಕರಣದಡಿ ಅಂಗೀಕರಿಸಬಹುದು ಎಂದು ಪೀಠ ಹೇಳಿತು.